ಬೋರಯ್ಯನ ಒಂದು ಎಲೆ

ಅಥವಾ ಅದು ಬೆಣ್ಣೆಯೇ ಆಗಿರಲಿಲ್ಲವೇನೋ. ಮೇಣವಿದ್ದಿರಬಹುದು, ಬೆಲ್ಲದ ತುಂಡೂ ಇದ್ದಿರಬಹುದು. ಇಪ್ಪತ್ತೈದು ವರ್ಷಗಳಿಂದ ಈ ಸಂಗತಿಯನ್ನು ಕಂಡಕಂಡವರಿಗೆಲ್ಲ ಹೇಳುತ್ತ ಬಂದಿದ್ದೇನೆ. ಪ್ರತಿ ಸಲವೂ ಅದರ ನಡುವೆ ನಿಂಬೆಹಣ್ಣಿನ ಗಾತ್ರದ ಒಂದು ಬೆಣ್ಣೆಯ ಉಂಡೆ ಕೂತಿರುತ್ತದೆ. ಮೊದಮೊದಲು ಅದು ಇಷ್ಟು ದುಂಡಗಿರಲಿಲ್ಲ. ಹೇಳಿ ಹೇಳಿ ನನ್ನ ನಾಲಿಗೆಯೇ ಅದನ್ನು ಉರುಟು ಮಾಡಿದೆ. ಇಷ್ಟು ದುಂಡಗಿರುವ ನೆನಪನ್ನು ನಾನು ನಂಬುವುದಿಲ್ಲ. ಆದರೆ ನನ್ನ ಬಳಿ ಇರುವುದು ಇದೊಂದೇ. ಆದ್ದರಿಂದ ಬೆಣ್ಣೆಯೆಂದೇ ಇಟ್ಟುಕೊಂಡು ಮುಂದೆ ಹೋಗೋಣ. ಅನುಮಾನ ಬಂದ ಕಡೆಯಲ್ಲೆಲ್ಲ ನಿಮಗೆ ಹೇಳಿಬಿಡುತ್ತೇನೆ.

ಇದು ಈಗ ನೆನಪಾಗಲು ಕಾರಣ ನನ್ನ ಸ್ನೇಹಿತನ ಮನೆ. ಆತ ಕೃಷ್ಣರಾಜನಗರದಲ್ಲಿ ಮನೆ ಕಟ್ಟಿಸುತ್ತಿದ್ದಾನೆ. ಕಳೆದ ವಾರ ಅಲ್ಲಿಗೆ ಹೋದಾಗ ಒಂದು ಹೊಳಪು ಕಾಗದದ ಪುಸ್ತಿಕೆಯನ್ನು ನನ್ನ ಮುಂದೆ ಹಿಡಿದ. ಯಾವುದೋ ಕಂಪನಿಯವರು ಕಲ್ನಾರಿನ ಹಲಗೆ ಮಾಡುತ್ತಾರಂತೆ. ಅದನ್ನು ಅಡುಗೆಮನೆಗೂ ನಡುಮನೆಗೂ ಮಧ್ಯೆ ನಿಲ್ಲಿಸಿದರೆ ಬೆಂಕಿಯನ್ನು ಒಂದು ಗಂಟೆ ತಡೆಯುತ್ತದಂತೆ. ಪುಸ್ತಿಕೆಯಲ್ಲಿ ದಪ್ಪ ಅಕ್ಷರದಲ್ಲಿ 'ಒಂದು ಗಂಟೆ' ಎಂದು ಅಚ್ಚಾಗಿತ್ತು. "ನೀನು ಹಿಂದೆ ಇದೇ ಇಲಾಖೆಯಲ್ಲಿ ಇದ್ದೆಯಲ್ಲ, ಇದರ ಅರ್ಥ ಏನು ಹೇಳು" ಎಂದ. ನಾನು ಪುಸ್ತಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಯಾರ ಗಂಟೆ?" ಎಂದು ಕೇಳಿದೆ. ಅವನು ನನ್ನನ್ನು ಮರುಕದಿಂದ ನೋಡಿದ. ವಯಸ್ಸಾಯಿತು ಎಂದುಕೊಂಡಿರಬೇಕು. ಆದರೆ ಅದು ನನ್ನ ಪ್ರಶ್ನೆಯಲ್ಲ. ಪಿರಿಯಾಪಟ್ಟಣದಲ್ಲಿ ಪುರಿ ಹುರಿಯುತ್ತಿದ್ದ ಸಣ್ಣಮ್ಮ ಎಂಬಾಕೆ ನನ್ನನ್ನು ಕೇಳಿದ್ದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತ ನಾನು ಮುದುಕನಾಗುತ್ತಿದ್ದೇನೆ, ಅಷ್ಟೆ.

ನಾನು ಆಗ ಪಿರಿಯಾಪಟ್ಟಣದಲ್ಲಿ ಓವರ್ಸಿಯರೊಬ್ಬರ ಕೈಕೆಳಗೆ ಹಂಗಾಮಿ ಗುಮಾಸ್ತನಾಗಿದ್ದೆ. ಇಂಟರ್ಮೀಡಿಯೆಟ್ಟಿನಲ್ಲಿ ಎರಡು ಸಲ ನಪಾಸಾದವನಿಗೆ ಸಿಗಬೇಕಾದ ಕೆಲಸವೇ ಅದು. ಆ ಬೇಸಿಗೆಯಲ್ಲಿ ಕೋಟೆಯ ಹಿಂದಿನ ಒಂದು ಓಣಿಗೆ ಹಾಡುಹಗಲಲ್ಲಿ ಬೆಂಕಿ ಬಿದ್ದು ಹುಲ್ಲಿನ ಮನೆಗಳು ಸಾಲಾಗಿ ಹೋದವು. ಜನ ಉಳಿದರು, ಮಾಡು ಉಳಿಯಲಿಲ್ಲ. ಅದಾದ ಮೇಲೆ ಮೇಲಿನಿಂದ ಒಂದು ಸರ್ಕ್ಯುಲರು ಬಂತು. ಒಲೆ, ಭಟ್ಟಿ, ಕುಲುಮೆ ಇರುವ ಎಲ್ಲ ಕಟ್ಟಡಗಳ ಮೇಲ್ಛಾವಣಿಗಳನ್ನು ಪರೀಕ್ಷಿಸಿ ವರ್ಗ ಮಾಡಬೇಕು. ಬೆಂಕಿಯನ್ನು ಅರ್ಧ ಗಂಟೆಯಾದರೂ ತಡೆಯದ ಮಾಡಿನ ಕೆಳಗೆ ಭಟ್ಟಿ ಇರಕೂಡದು, ಇದ್ದರೆ ಮುಚ್ಚಿಸಬೇಕು. ಓವರ್ಸಿಯರ್ ಸಾಹೇಬರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, "ಇದನ್ನು ನೀವೇ ನೋಡಿಕೊಳ್ಳಿ" ಎಂದು ನನ್ನ ಕಡೆಗೆ ತಳ್ಳಿದರು.

ನನಗೆ ಬಲು ಸಂತೋಷವಾಯಿತು. ಜಗತ್ತನ್ನು ವರ್ಗ ಮಾಡುವ ಕೆಲಸ ಇಪ್ಪತ್ತಮೂರು ವರ್ಷದವನ ಕೈಗೆ ಸಿಕ್ಕಿದರೆ ಇನ್ನೇನಾಗುತ್ತದೆ! ಅಂದೇ ಕೂತು ರೂಲುಕೋಲು ಹಿಡಿದು ಮೂರು ಕಾಲಮ್ಮುಗಳ ಪಟ್ಟಿ ಗೀಚಿದೆ. ಕಲ್ಲು, ಹೆಂಚು, ಕಬ್ಬಿಣದ ತಗಡು ಒಂದನೆಯ ವರ್ಗ. ಮರ ಎರಡನೆಯದು. ಹುಲ್ಲು, ಸೋಗೆ, ಬಿದಿರು ಮೂರನೆಯದು. ಉರಿಯದ್ದು ಮೇಲೆ, ಉರಿಯುವುದು ಕೆಳಗೆ, ನಿಧಾನವಾಗಿ ಉರಿಯುವುದು ನಡುವೆ. ಇದಕ್ಕಿಂತ ನ್ಯಾಯವಾದದ್ದು ಯಾವುದಿದೆ ಎನಿಸಿತು.

ಮಾರನೆಯ ದಿನವೇ ಸುಟ್ಟ ಓಣಿಗೆ ಹೋದೆ. ಪಟ್ಟಿಗೆ ಸಾಕ್ಷಿ ಸಿಗುತ್ತದೆಂಬ ಆಸೆ. ಸಿಕ್ಕಿದ್ದು ಬೇರೆ. ಓಣಿಯ ಮೂಲೆಯಲ್ಲಿ ತಗಡಿನ ಮಾಡಿನ ಒಂದು ಅಂಗಡಿ ಇತ್ತು. ತಗಡು ಉರಿದಿರಲಿಲ್ಲ, ನಿಜ. ಆದರೆ ಕಾದು ಕಾದು ತನ್ನ ಒಳಗಿದ್ದ ತೊಲೆಗೆ ತಾನೇ ಬೆಂಕಿ ಹಚ್ಚಿತ್ತಂತೆ. ಈಗ ಕರಿದ ಹಪ್ಪಳದ ಹಾಗೆ ಸುರುಟಿಕೊಂಡು ನೆಲದ ಮೇಲೆ ಬಿದ್ದಿತ್ತು. ಪಕ್ಕದ ಮನೆಯ ಚಪ್ಪಡಿ ಕಲ್ಲಿಗೆ ಯಾರೋ ಗಾಬರಿಯಲ್ಲಿ ಕೊಡಗಟ್ಟಲೆ ನೀರು ಸುರಿದಿದ್ದರು. ಕಾದ ಕಲ್ಲು ಪಟಾರನೆ ಸಿಡಿದು ಒಬ್ಬನ ಹಣೆ ಒಡೆದಿತ್ತು. ಇನ್ನೊಂದು ಮನೆಯಲ್ಲಿ ಮಾತ್ರ ಎರಡು ಮತ್ತಿಮರದ ಕಂಬ, ಅದರ ಮೇಲೊಂದು ತೊಲೆ, ಹೊರಗೆಲ್ಲ ಇದ್ದಿಲಾಗಿ ಹಾಗೇ ನಿಂತಿದ್ದವು. ಉಗುರಿನಿಂದ ಕೆರೆದರೆ ಒಂದು ಬೆರಳು ದಪ್ಪ ಇದ್ದಿಲು, ಅದರ ಒಳಗೆ ಕೆಂಪಗೆ ಗಟ್ಟಿ ಮರ. ನನ್ನ ಎರಡನೆಯ ವರ್ಗ ನಿಂತಿತ್ತು, ಒಂದನೆಯ ವರ್ಗ ಬಿದ್ದಿತ್ತು. ಬುದ್ಧಿವಂತನಾಗಿದ್ದರೆ ಅಲ್ಲೇ ಪಟ್ಟಿ ಹರಿಯುತ್ತಿದ್ದೆ. ನಾನು ಅದಕ್ಕೆ ಒಂದು ಅಡಿಟಿಪ್ಪಣಿ ಬರೆದೆ.

ಉರಿಯುತ್ತದೆಯೋ ಇಲ್ಲವೋ ಎಂಬುದು ಒಂದು ಪ್ರಶ್ನೆ, ಬೆಂಕಿಯನ್ನು ಆಚೆಗೆ ದಾಟಿಸಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಇದು ನನಗೆ ಅರ್ಥವಾದದ್ದು ಆಮೇಲೆ. ಆ ಸೀಮೆಯ ಜನಕ್ಕೆ ಮೊದಲಿನಿಂದ ಗೊತ್ತಿತ್ತು. ಅವರು ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ಹುಗಿದಿಡುತ್ತಿದ್ದರು. ಮೇಲೆ ಇಡೀ ಊರು ಹತ್ತಿಕೊಂಡರೂ ರಾಗಿಗೆ ಸುದ್ದಿ ಮುಟ್ಟುತ್ತಿರಲಿಲ್ಲ. ಹುಲ್ಲಿನ ಮನೆಯ ಬಾಗಿಲ ಪಕ್ಕದಲ್ಲಿ ಒಂದು ಕುಡುಗೋಲು ಸದಾ ಸಿಕ್ಕಿಸಿರುತ್ತಿತ್ತು. ನಾನು ಅದನ್ನು ಹುಲ್ಲು ಕೊಯ್ಯಲು ಎಂದುಕೊಂಡಿದ್ದೆ. ಬೆಂಕಿ ಬಿದ್ದಾಗ ಮಾಡಿನ ಕಟ್ಟು ಕತ್ತರಿಸಿ ಹುಲ್ಲನ್ನು ಕೆಳಕ್ಕೆಳೆಯಲು ಅದು. ಬೇಗ ಉರಿಯುವ ಮಾಡನ್ನು ಬೇಗ ಕಿತ್ತೂ ಹಾಕಬಹುದು ಎಂಬುದು ಅವರ ಲೆಕ್ಕ. ತಗಡನ್ನು ಹಾಗೆ ಕೀಳಲು ಬರುವುದಿಲ್ಲ. ಇದಕ್ಕೆ ನನ್ನ ಪಟ್ಟಿಯಲ್ಲಿ ಕಾಲಮ್ಮೇ ಇರಲಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಮಣ್ಣಿನ ಅಟ್ಟ. ಹುಲ್ಲಿನ ಮಾಡಿನ ಕೆಳಗೆ, ಆಳು ಕೂರುವಷ್ಟು ಎಡೆ ಬಿಟ್ಟು, ಬಿದಿರಿನ ತಟ್ಟಿ ಹಾಸಿ, ಅದರ ಮೇಲೂ ಕೆಳಗೂ ಸಗಣಿ, ಹೊಟ್ಟು ಕಲಸಿದ ಗೋಡುಮಣ್ಣನ್ನು ನಾಲ್ಕು ಬೆರಳು ದಪ್ಪ ಮೆತ್ತುತ್ತಿದ್ದರು. ಒಲೆಗೂ ಹುಲ್ಲಿಗೂ ನಡುವೆ ಇದೊಂದು ಗೋಡೆ, ಮಲಗಿದ ಗೋಡೆ. ಅಟ್ಟ ಮುಗಿದ ದಿನ ಅದನ್ನು ಒಪ್ಪಿಕೊಳ್ಳುವ ಮೊದಲು ಮನೆಯವರು ಒಂದು ಪರೀಕ್ಷೆ ಮಾಡುತ್ತಿದ್ದರು. ಅಟ್ಟದ ಮೇಲೆ ಮುತ್ತುಗದ ಎಲೆಯಲ್ಲಿ ಒಂದು ಉಂಡೆ ಬೆಣ್ಣೆ ಇಡುವುದು. ಕೆಳಗೆ ತೆಂಗಿನ ಚಿಪ್ಪು ಹಾಕಿ ಜೋರಾಗಿ ಬೆಂಕಿ ಮಾಡುವುದು. ಅಟ್ಟ ಮೆತ್ತಿದವನು ಯಾರೋ ಅವನೇ ಮೇಲೆ ಹತ್ತಿ ಬೆಣ್ಣೆಯ ಪಕ್ಕ ಕೂತು ಎಲೆ ಅಡಿಕೆ ಹಾಕಿಕೊಳ್ಳಬೇಕು. ಒಂದು ಎಲೆ ಅಗಿದು, ರಸ ಮುಗಿದು, ಉಗಿಯುವ ತನಕ ಬೆಣ್ಣೆ ಕರಗದಿದ್ದರೆ ಅದು ಒಂದು ಎಲೆಯ ಅಟ್ಟ. ಇನ್ನೊಂದು ಎಲೆ ಮಡಿಸಿ ಹಾಕಿ ಅದೂ ಮುಗಿಯುವ ತನಕ ನಿಂತರೆ ಎರಡು ಎಲೆಯ ಅಟ್ಟ. ಕೆಲಸದಲ್ಲಿ ಮೋಸ ಮಾಡಿದವನಿಗೆ ಬೆಣ್ಣೆಗಿಂತ ಮೊದಲು ಗೊತ್ತಾಗುತ್ತಿತ್ತು.

ಮೈಸೂರಿನ ಕಡೆ ಓದಿದವರಿಗೆ ಇದು ನಗೆಪಾಟಲು ಎನಿಸಬಹುದು. ನನಗೂ ಎನಿಸಿತು. ಹುಲ್ಲಿನ ಮಾಡಿಗೆ ಬೆಂಕಿ ತಾಗದಂತೆ ತಡೆಯುವುದು ಈ ಅಟ್ಟವೇ ಆದ್ದರಿಂದ ಅದನ್ನೇ ಪರೀಕ್ಷಿಸಿದರೆ ಸಾಕಿತ್ತು. ಆದರೆ ಸರ್ಕ್ಯುಲರಿನಲ್ಲಿ ಅರ್ಧ ಗಂಟೆ ಎಂದಿತ್ತು, ಮನೆಯವರ ಬಾಯಲ್ಲಿ ಎಲೆ ಎಂದಿತ್ತು. ಒಂದನ್ನು ಇನ್ನೊಂದಕ್ಕೆ ಇಳಿಸಿಬಿಟ್ಟರೆ ನಾನು ಒಂದೊಂದು ಅಟ್ಟವನ್ನೂ ಹತ್ತುವ ಕಷ್ಟ ತಪ್ಪುತ್ತಿತ್ತು. ದಾರಿಯಲ್ಲಿ ಸಿಕ್ಕಿದ ಮೊದಲ ಗಾರೆಯವನನ್ನು ನಿಲ್ಲಿಸಿದೆ. ಅವನ ಹೆಸರು ಜವರಯ್ಯ, ಗಟ್ಟಿಮುಟ್ಟಾದ ಆಳು.

"ಅರ್ಧ ಗಂಟೆಗೆ ಎಷ್ಟು ಎಲೆಯಪ್ಪಾ?"

"ಮೂರ್ ಎಲೆ ಅಂತ ಇಟ್ಕಳಿ ಸ್ವಾಮಿ."

"ಖಂಡಿತವಾ?"

"ಖಂಡ್ತ ಅಲ್ದೆ ಏನು? ದಿನಾ ಹಾಕಳನು ನಾನು, ನೀವಲ್ಲ."

ಇಟ್ಟುಕೊಂಡೆ. ಮೂರು ಎಲೆ ಮತ್ತು ಮೇಲೆ, ಪಾಸು. ಮೂರಕ್ಕೆ ಕಡಮೆ, ನಪಾಸು. ವಾರದಲ್ಲಿ ಊರೆಲ್ಲ ತಿರುಗಿದೆ. ಬಾಗಿಲಲ್ಲೇ ನಿಂತು "ನಿಮ್ಮ ಅಟ್ಟ ಎಷ್ಟು ಎಲೆಯದು?" ಎಂದು ಕೇಳುವುದು, ಬರೆಯುವುದು. ಮೂರು, ನಾಲ್ಕು, ಮೂರು. ಕಮ್ಮಾರರ ಕುಲುಮೆ ಮೂರೂವರೆ. ಜನ ನನ್ನನ್ನು ನೋಡಿದರೆ ಎಲೆಯ ಗುಮಾಸ್ತ ಎಂದು ನಗುತ್ತಿದ್ದರು. ಅಂಗಡಿಬೀದಿಯ ಕೊನೆಯ ಪುರಿಭಟ್ಟಿಗೆ ಬಂದಾಗ ಮಾತ್ರ ಉತ್ತರ ಬೇರೆ ಬಂತು.

"ಒಂದ್ ಎಲೆ" ಎಂದಳು ಸಣ್ಣಮ್ಮ.

ಅವಳಿಗೆ ನಲವತ್ತು ಇರಬಹುದು. ಗಂಡ ಸತ್ತ ಮೇಲೆ ಭಟ್ಟಿಯನ್ನು ತಾನೇ ನಡೆಸುತ್ತಿದ್ದಳು. ಉಪ್ಪುನೀರಿನಲ್ಲಿ ನೆನೆಸಿ ಒಣಗಿಸಿದ ಅಕ್ಕಿಯನ್ನು ಕಾದ ಮರಳಿಗೆ ಸುರಿದು, ಕಡ್ಡಿಕಟ್ಟಿನಿಂದ ನಾಲ್ಕು ಸುತ್ತು ತಿರುಗಿಸಿ, ಅಕ್ಕಿ ಮಲ್ಲಿಗೆಯ ಹಾಗೆ ಅರಳುತ್ತಿದ್ದಂತೆ ಜರಡಿಗೆ ಎತ್ತಿ ಹಾಕುವ ಆ ಕೈಯ ವೇಗವನ್ನು ನೋಡಲು ನಾನು ಕೆಲಸವಿಲ್ಲದಾಗಲೂ ಅಲ್ಲಿ ನಿಂತದ್ದುಂಟು. ಆ ಭಟ್ಟಿಯೇ ಅವಳ ಹೊಲ, ಅವಳ ಗದ್ದೆ. ಅದು ಬಿಟ್ಟರೆ ತಮ್ಮನ ಮನೆಗೆ ಹೋಗಿ ಅವನ ಹೆಂಡತಿಯ ಕೈಕೆಳಗೆ ಮುಸುರೆ ತಿಕ್ಕುವುದೊಂದೇ ದಾರಿ ಎಂದು ಬೀದಿಗೆಲ್ಲ ಗೊತ್ತಿತ್ತು.

"ಒಂದೇನಾ? ಸರಿಯಾಗಿ ಜ್ಞಾಪಿಸಿಕೊಳ್ಳಿ" ಎಂದೆ.

"ಒಂದೇ ಕಣ್ ಸ್ವಾಮಿ. ಸುಳ್ಳ್ಯಾಕೇಳ್ಲಿ? ನಾನೇ ಬೆಂಕಿ ಮಾಡಿದ್ದು."

ಬರೆದೆ. ಒಂದು ಎಲೆ, ನಪಾಸು. ತಿಂಗಳೊಳಗೆ ಭಟ್ಟಿ ಮುಚ್ಚತಕ್ಕದ್ದು ಎಂಬ ಚೀಟಿಯನ್ನು ನಾನೇ ಬರೆದು, ಸಾಹೇಬರ ರುಜು ಹಾಕಿಸಿ, ನಾನೇ ಹೋಗಿ ಕೊಟ್ಟೆ. ನನ್ನ ಮುಖ ಆಗ ಹೇಗಿತ್ತೋ ಗೊತ್ತಿಲ್ಲ. ವಿಷಾದದಿಂದ ಕೂಡಿತ್ತು ಎಂದು ನಾನು ಹಿಂದೆ ಹೇಳುತ್ತಿದ್ದೆ. ಅದು ಸುಳ್ಳಿರಬಹುದು. ಊರಿಗೆಲ್ಲ ಒಂದೇ ಒಂದು ನಪಾಸು ಸಿಕ್ಕಿತ್ತು. ಒಂದಾದರೂ ನಪಾಸಿಲ್ಲದ ಪರೀಕ್ಷೆಯನ್ನು ಯಾರು ಪರೀಕ್ಷೆ ಎನ್ನುತ್ತಾರೆ? ಒಳಗೊಳಗೆ ನನಗೆ ಸಮಾಧಾನವೇ ಆಗಿರಬೇಕು.

ಚೀಟಿ ಓದಿ ಹೇಳಿದಾಗ ಸಣ್ಣಮ್ಮ ಜರಡಿಯನ್ನು ಕೆಳಗಿಟ್ಟಳು.

"ಕಮ್ಮಾರ್‍ರ ಅಟ್ಟ ಎಷ್ಟು?"

"ಮೂರೂವರೆ."

"ಆ ಅಟ್ಟ ಮೆತ್ತಿದ್ದು ಯಾರು?"

"ಜವರಯ್ಯ ಅಂತ ಹೇಳಿದರು."

"ನಂದು ಮೆತ್ತಿದ್ದು ಯಾರು ಅಂತ ಕೇಳುದ್ರಾ?"

ಕೇಳಿರಲಿಲ್ಲ.

"ನಂದು ಬೋರಣ್ಣ ಮೆತ್ತಿದ್ದು. ಬೋರಣ್ಣುನ್ ಬಾಯ್ಲಿ ಒಂದಾದ್ರೂ ಹಲ್ಲದಾ? ಎಲೆನಾ ಕುಟ್ಟಾಣೀಲಿ ಕುಟ್ಟಿ, ಬಾಯ್ಗಾಕಂಡು, ಒಸಡ್ನಲ್ಲಿ ಅರ್‍ಧ ದಿನ ಮಗುಚ್ತಾನೆ. ಆ ಜವರ ಎಲೆನಾ ಆಡು ಮೇಯ್ದಂಗೆ ಮೇಯ್ತಾನೆ. ಎಷ್ಟೆಲೆ ಎಷ್ಟೆಲೆ ಅಂತ ಊರೆಲ್ಲ ಕೇಳ್ಕಂಡ್ ಬಂದ್ರಲ್ಲ, ಯಾರ್ ಬಾಯಿ ಅಂತ ಕೇಳುದ್ರಾ ಸ್ವಾಮಿ ನೀವು?"

ಬೀದಿಯಲ್ಲಿ ನಿಂತವರು ನಕ್ಕರು. ನಾನು ರಿಜಿಸ್ಟರನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದೆ. ಅದರಲ್ಲಿದ್ದ ಅಷ್ಟೂ ಎಲೆಗಳು ಒಂದೇ ಗಳಿಗೆಯಲ್ಲಿ ಒಣಗಿ ಉದುರಿದ ಹಾಗಾಯಿತು. ಜವರಯ್ಯನ ಮೂರು ಎಲೆ ಅರ್ಧ ಗಂಟೆ ಎಂದರೆ ಬೋರಯ್ಯನ ಒಂದು ಎಲೆ ಎಷ್ಟು? ಅದಕ್ಕೂ ಹೆಚ್ಚೋ, ಕಡಮೆಯೋ? ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಅವಳ ಭಟ್ಟಿ ಮುಚ್ಚಲು ಚೀಟಿ ಕೊಟ್ಟಿದ್ದೆ.

ಓವರ್ಸಿಯರ್ ಸಾಹೇಬರಿಗೆ ಹೇಳಿದಾಗ ಅವರು ಬಯ್ಯುತ್ತಾರೆಂದುಕೊಂಡೆ. ಬಯ್ಯಲಿಲ್ಲ. ಜೇಬಿನ ಗಡಿಯಾರವನ್ನು ಹೊರತೆಗೆದು ಕೀಲಿ ಕೊಡುತ್ತ, "ನಾಳೆ ಮಧ್ಯಾಹ್ನ ಎರಡು ಗಂಟೆಗೆ. ಆಕೆ ಬೆಂಕಿ ಮಾಡಲಿ, ಆ ಮುದುಕ ಮೇಲೆ ಕೂರಲಿ, ನಾನು ಕೆಳಗೆ ಗಡಿಯಾರ ಹಿಡಿಯುತ್ತೇನೆ. ನೀವು ಮೇಲೆ ಹೋಗಿ ಬೆಣ್ಣೆ ನೋಡಿ. ಅರ್ಧ ಗಂಟೆ ನಿಂತರೆ ನಿಂತಿತು, ಇಲ್ಲದಿದ್ದರೆ ಇಲ್ಲ" ಎಂದರು. ಅವರಿಗೆ ಆಗ ಗಡಿಯಾರ ಇತ್ತೇ ಎಂದು ನನ್ನ ಹೆಂಡತಿ ಒಮ್ಮೆ ಕೇಳಿದಳು. ನೀವೆಲ್ಲ ಹೆಗ್ಗಡದೇವನಕೋಟೆಗೆ ವರ್ಗವಾದ ಮೇಲೆ ಅವರು ಕೊಂಡದ್ದಲ್ಲವೇ ಎಂದಳು. ಇದ್ದಿರಬೇಕು. ಇಲ್ಲದಿದ್ದರೆ ನನ್ನ ಕಿವಿಯಲ್ಲಿ ಈಗಲೂ ಟಿಕ್ಕೆನ್ನುತ್ತಿರುವುದು ಏನು?

ಮಾರನೆಯ ದಿನ ಬೋರಯ್ಯ ಬಂದ. ಎಪ್ಪತ್ತು ದಾಟಿದ ಜೀವ, ಸೊಂಟದಲ್ಲಿ ಹಿತ್ತಾಳೆಯ ಕುಟ್ಟಾಣಿ. ಏಣಿಯನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ ನೋಡಿದ.

"ಒಂದ್ಸಲ ಕುಂತಿದ್ನಲ್ಲ, ಮತ್ಯಾಕೆ?"

"ಸಾಹೇಬ್ರು ಗಡಿಯಾರ ತಂದವ್ರೆ ಕಣ್ ಬೋರಣ್ಣ" ಎಂದಳು ಸಣ್ಣಮ್ಮ.

"ಗಡಿಯಾರುನ್ನೇ ಮೇಲೆ ಕೂರ್‍ಸಿ. ಅದ್ರ ಅಂಡು ಸುಟ್ರೆ ಅದು ಏಳ್ತದೆ."

"ನೀನ್ ಮೆತ್ತಿದ್ ಅಟ್ಟ ಅಂತ ಧೈರ್ಯವಾಗಿದ್ದೆ. ಈಗ್ಲೇ ಅಂಡ್ ಮಾತಾಡ್ತೀಯಲ್ಲ."

"ಬುಡವ್ವ ಬುಡು, ಅತ್ತುತೀನಿ. ನನ್ ಮಣ್ಗೆ ಎದ್ರಲ್ಲ, ನಿನ್ ಏಣಿಗೆ ಎದ್ರತೀನಿ."

ಹತ್ತಿದ. ನಾನು ಹಿಂದಿನಿಂದ ಅವನನ್ನು ತಳ್ಳಿದೆ. ಬಲಗೈಯಿಂದ ಅವನನ್ನು ತಳ್ಳುತ್ತ, ಎಡಗೈಯಲ್ಲಿ ಬೆಣ್ಣೆ ಹಿಡಿದಿದ್ದೆ. ಮುತ್ತುಗದ ಎಲೆಯನ್ನು ಬಾಯಲ್ಲಿ ಕಚ್ಚಿಕೊಂಡಿದ್ದೆ. ಇಷ್ಟು ವಿವರವನ್ನು ಯಾಕೆ ಹೇಳಿದೆನೆಂದರೆ, ಇದು ಆಮೇಲೆ ಬೇಕಾಗುತ್ತದೆ.

ಅಟ್ಟದ ಮೇಲೆ ಹುಲ್ಲಿನ ಮಾಡು ತಲೆಗೆ ತಗಲುತ್ತಿತ್ತು. ಮಧ್ಯಾಹ್ನದ ಬಿಸಿಲಿಗೆ ಒಳಗೆಲ್ಲ ಧಗೆ. ಬೆಣ್ಣೆಯನ್ನು ಎಲೆಯ ಮೇಲಿಟ್ಟು, ಎಲೆಯನ್ನು ಮಣ್ಣಿನ ಮೇಲಿಟ್ಟೆ. ಬೋರಯ್ಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಕೆಳಗೆ ಸಣ್ಣಮ್ಮ ಚಿಪ್ಪು ಸುರಿದು ಬೆಂಕಿ ಹಚ್ಚಿದಳು. ತನ್ನ ಭಟ್ಟಿ ಉಳಿಯಬೇಕಾದರೆ ಬೆಂಕಿ ಸಣ್ಣದಿರಬೇಕಲ್ಲವೇ? ಅವಳು ಹಾಗೆ ಮಾಡಲಿಲ್ಲ. ಸಾಹೇಬರೇ "ಸಾಕಮ್ಮ, ಸಾಕು" ಎಂದದ್ದು ನನಗೆ ಕೇಳಿಸಿತು. "ಸಾಕು ಅನ್ನಕ್ಕೆ ಬೆಂಕಿ ಏನ್ ನಿಮ್ ಮಾತ್ ಕೇಳ್ತದಾ? ಆಕ್ತೀನಿ ಬುಡಿ. ನಾಳೀಕೆ ಯಾರೂ ಬೆಟ್ಟು ತೋರ್‍ಬಾರ್‍ದು" ಎಂದಳು.

ಬೋರಯ್ಯ ಕುಟ್ಟಾಣಿ ತೆಗೆದು ಕುಟ್ಟತೊಡಗಿದ. ಅಡಿಕೆ ಹಾಕಿದ, ಕುಟ್ಟಿದ. ಎಲೆ ಹರಿದು ಹಾಕಿದ, ಕುಟ್ಟಿದ. ಸುಣ್ಣ ಸಾಲದು ಎಂದು ಮತ್ತಿಷ್ಟು ಬಳಿದ. ಅವನಿಗೆ ಯಾವ ಅವಸರವೂ ಇರಲಿಲ್ಲ. ಗೋಡೆಗೂ ಅಟ್ಟಕ್ಕೂ ನಡುವಿನ ಸಂದಿನಿಂದ ಹೊಗೆ ಏರತೊಡಗಿತು. ನನ್ನ ಕಣ್ಣು ಉರಿಯಿತು, ಮೂಗು ಸುರಿಯಿತು. ಬೋರಯ್ಯ ಕಡೆಗೂ ಅದನ್ನು ಬಾಯಿಗೆ ಹಾಕಿಕೊಂಡು ಒಸಡಿನಲ್ಲಿ ಮಗುಚತೊಡಗಿದ. "ಎಂಗೈತೆ ಸ್ವಾಮಿ ಕೂತಿರೋ ಜಾಗ?" ಎಂದು ಬಾಯಿ ತುಂಬಿಕೊಂಡೇ ಕೇಳಿದ. ಅಂಗೈಯನ್ನು ಮಣ್ಣಿನ ಮೇಲೆ ಇಟ್ಟು ನೋಡಿದೆ. ಬೆಚ್ಚಗಿತ್ತು. ಆದರೆ ಅಲ್ಲಿ ಬೆಚ್ಚಗಿಲ್ಲದ ವಸ್ತು ಯಾವುದೂ ಇರಲಿಲ್ಲ. ಮಾಡು, ಗಾಳಿ, ನನ್ನ ಅಂಗಿ, ನನ್ನ ತಲೆ, ಎಲ್ಲವೂ ಬೆಚ್ಚಗಿದ್ದವು.

"ಅರ್ಧ ಗಂಟೆ!" ಎಂದು ಕೆಳಗಿನಿಂದ ಸಾಹೇಬರು ಕೂಗಿದರು.

ಬೋರಯ್ಯನ ಬಾಯಿ ಇನ್ನೂ ಆಡುತ್ತಿತ್ತು. ಒಂದು ಎಲೆ ಮುಗಿದಿರಲಿಲ್ಲ. ಅಂದರೆ ಸಣ್ಣಮ್ಮ ಹೇಳಿದ್ದು ನಿಜ. ಬೋರಯ್ಯನ ಒಂದು ಎಲೆ ಜವರಯ್ಯನ ಮೂರಕ್ಕಿಂತ ದೊಡ್ಡದು. ನಾನು ಬಗ್ಗಿ ಬೆಣ್ಣೆಯನ್ನು ನೋಡಿದೆ.

ಇಲ್ಲಿ ನಾನು ನಿಧಾನವಾಗಿ ಹೋಗಬೇಕು. ಉಂಡೆ ಉಂಡೆಯಾಗಿಯೇ ಇತ್ತು, ಕರಗಿ ಹರಿದಿರಲಿಲ್ಲ. ಆದರೆ ಅದರ ಒಂದು ಮಗ್ಗುಲು ಮೆತ್ತಗಾಗಿ ಎಲೆಗೆ ಅಂಟಿತ್ತು. ಅಂಚಿನಲ್ಲಿ ಎಣ್ಣೆಯಂತಹ ಒಂದು ಹೊಳಪು. ಅದು ಕೆಳಗಿನ ಬೆಂಕಿಯ ಶಾಖವೋ, ಮೇಲಿನ ಮಾಡಿನ ಧಗೆಯೋ, ನಾನು ಏಣಿ ಹತ್ತುವಾಗ ಐದು ನಿಮಿಷ ಮುಷ್ಟಿಯಲ್ಲಿ ಹಿಡಿದಿದ್ದ ನನ್ನದೇ ಕೈಯ ಕಾವೋ? ಇದೂ ಸಾಲದೆಂಬಂತೆ ನನ್ನ ಕಣ್ಣಲ್ಲಿ ನೀರು ತುಂಬಿತ್ತು. ಕಣ್ಣೀರಿನ ಮೂಲಕ ನೋಡಿದರೆ ಪ್ರಪಂಚದಲ್ಲಿ ಹೊಳೆಯದ ವಸ್ತು ಯಾವುದು?

"ಕರಗಿತಾ ಇಲ್ಲವಾ?" ಸಾಹೇಬರು ಮತ್ತೆ ಕೂಗಿದರು.

"ಸ್ವಲ್ಪ..." ಎಂದೆ.

"ಸ್ವಲ್ಪಕ್ಕೆ ಕಾಲಮ್ಮಿಲ್ಲ ಕಣ್ರೀ! ಹೌದೋ ಇಲ್ಲವೋ, ಒಂದು ಹೇಳಿ!"

ಆ ಕಾಲಮ್ಮುಗಳನ್ನು ಗೀಚಿದವನು ನಾನೇ. ಕೆಳಗೆ ಸಣ್ಣಮ್ಮ ಬೆಂಕಿಗೆ ಇನ್ನಷ್ಟು ಚಿಪ್ಪು ಸುರಿದದ್ದು ನನಗೆ ಅಟ್ಟದ ಮೇಲೂ ಕೇಳಿಸಿತು. ಬೋರಯ್ಯ ನನ್ನನ್ನು ನೋಡಲಿಲ್ಲ, ಬೆಣ್ಣೆಯನ್ನೂ ನೋಡಲಿಲ್ಲ. ತನ್ನ ಪಾಡಿಗೆ ತಾನು ಎಲೆ ಮಗುಚುತ್ತಿದ್ದ.

"ಇಲ್ಲ" ಎಂದೆ.

ಅಷ್ಟೆ. ಬರೆದದ್ದೂ ಅದೇ. ಕೆಳಗಿಳಿದ ಮೇಲೆ ಸಾಹೇಬರು ಚೀಟಿಯನ್ನು ಹರಿದರು. ಸಣ್ಣಮ್ಮ ಬೆಂಕಿಯನ್ನು ಒತ್ತರಿಸಿ, ಅದರ ಮೇಲೇ ಬಾಣಲೆಯಿಟ್ಟು ಮರಳು ಸುರಿದಳು, ಇಷ್ಟು ಚಿಪ್ಪು ಸುಮ್ಮನೆ ದಂಡ ಮಾಡುವುದೇಕೆಂದು. ಬಿಸಿ ಪುರಿಯನ್ನು ಮೊರಕ್ಕೆ ಸುರಿದು ನಮ್ಮ ಮುಂದಿಟ್ಟಳು. ಬೋರಯ್ಯ ಎಲೆ ಉಗಿದು ಬಾಯಿ ಮುಕ್ಕಳಿಸಿ, "ನಂಗ್ ಪುರಿ ಅಗ್ಯಕ್ ಆಗಕಿಲ್ಲ ಕಣವ್ವ, ಆ ಬೆಣ್ಣೆ ಇತ್ತಾಗ್ ಕೊಡು" ಎಂದ. ಸಾಹೇಬರು ನಕ್ಕರು. ಬೋರಯ್ಯ ಬೆಣ್ಣೆಯನ್ನು ಪುರಿಗೆ ಕಲಸಿ, ಮೆತ್ತಗೆ ಮಾಡಿಕೊಂಡು ತಿಂದ. ನನಗೂ ಒಂದು ಹಿಡಿ ಕೊಟ್ಟ. ಹೀಗೆ ಪುರಾವೆಯೆಂಬುದನ್ನು ನಾವು ಅಲ್ಲೇ ಕೂತು ತಿಂದು ಮುಗಿಸಿದೆವು. ಚೆನ್ನಾಗಿತ್ತು, ಉಪ್ಪು ಹದವಾಗಿತ್ತು. ಅದು ಮೇಣವಾಗಿರಲಿಲ್ಲ ಎಂಬುದಕ್ಕೆ ನನ್ನ ಬಳಿ ಇರುವ ಸಾಕ್ಷಿ ಈ ರುಚಿಯೊಂದೇ.

ಉಳಿದ ಅಟ್ಟಗಳನ್ನೆಲ್ಲ ಗಡಿಯಾರ ಹಿಡಿದು ಹೊಸದಾಗಿ ಪರೀಕ್ಷಿಸಬೇಕಾಯಿತು. ಜವರಯ್ಯನನ್ನೂ ಹತ್ತಿಸಿದೆವು. ಅವನ ಎಲೆ ಒಂದೊಂದು ದಿನ ಒಂದೊಂದು ರೀತಿ ಇತ್ತು. ಹೊಟ್ಟೆ ಹಸಿದಿದ್ದರೆ ಸಣ್ಣದು, ಉಂಡು ಬಂದಿದ್ದರೆ ದೊಡ್ಡದು. ಮೂರು ಎಲೆಯ ಎರಡು ಅಟ್ಟಗಳು ಅರ್ಧ ಗಂಟೆಯ ಒಳಗೇ ಸೋತವು. ಅವಕ್ಕೆ ಇನ್ನೆರಡು ಬೆರಳು ಮಣ್ಣು ಮೆತ್ತಿಸಿದೆವು. ಜವರಯ್ಯ ತನ್ನ ಕೆಲಸಕ್ಕಲ್ಲ, ತನ್ನ ಹಲ್ಲಿಗೆ ಅವಮಾನವಾಯಿತೆಂಬಂತೆ ನನ್ನೊಡನೆ ಮಾತು ಬಿಟ್ಟ.

ಮುಂದಿನ ವರ್ಷ ನಮ್ಮ ಕಚೇರಿ ಹೆಗ್ಗಡದೇವನಕೋಟೆಗೆ ಹೋಯಿತು. ಅಲ್ಲಿದ್ದಾಗ ಒಂದು ಸುದ್ದಿ ಬಂತು. ಸಣ್ಣಮ್ಮನ ಮಾಡಿಗೆ ಬೆಂಕಿ ಬಿತ್ತಂತೆ. ಭಟ್ಟಿಯಿಂದಲ್ಲ. ಪಕ್ಕದ ಹಿತ್ತಲಲ್ಲಿ ಯಾರೋ ಕಸ ಸುಡುತ್ತಿದ್ದರು, ಗಾಳಿಗೆ ಕಿಡಿ ಹಾರಿ ಹುಲ್ಲಿನ ಮೇಲೆ ಕೂತಿತಂತೆ. ಮಾಡು ಪೂರ್ತಿ ಉರಿದು ಅಟ್ಟದ ಮೇಲೆ ಬಿತ್ತು. ಅಟ್ಟ ಜಗ್ಗಲಿಲ್ಲ. ಅದರ ಕೆಳಗೆ ಸಣ್ಣಮ್ಮನ ಅಕ್ಕಿಮೂಟೆ, ಬಾಣಲೆ, ಜರಡಿ, ಏನೊಂದೂ ಕಂದಲಿಲ್ಲ. ಅವಳು ಒಳಗೇ ಕೂತು ಪುರಿ ಹುರಿಯುತ್ತಿದ್ದಳು ಎಂದು ಒಬ್ಬ ಹೇಳಿದ. ಮಾಡು ಉರಿದದ್ದೇ ಅವಳಿಗೆ ಗೊತ್ತಾಗಲಿಲ್ಲ ಎಂದು ಇನ್ನೊಬ್ಬ. ಅವಳು ಆ ದಿನ ಊರಲ್ಲೇ ಇರಲಿಲ್ಲ, ಹುಣಸೂರಿಗೆ ಹೋಗಿದ್ದಳು ಎಂದು ಮೂರನೆಯವನು. ಮೂರನೆಯವನನ್ನು ನಂಬುತ್ತೇನೆ, ಅವನ ಮಾತಿನಲ್ಲಿ ಸ್ವಾರಸ್ಯವಿಲ್ಲ.

ಸುದ್ದಿ ಕೇಳಿ ಸಾಹೇಬರು "ನೋಡಿದಿರಾ? ನಿಮ್ಮ 'ಇಲ್ಲ' ಸರಿಯಾಗಿತ್ತು" ಎಂದು ನನ್ನ ಬೆನ್ನು ತಟ್ಟಿದರು. ಬಹಳ ಕಾಲ ನಾನೂ ಹಾಗೇ ಅಂದುಕೊಂಡಿದ್ದೆ. ಕಥೆಯನ್ನು ಅಲ್ಲಿಗೇ ಮುಗಿಸುತ್ತಿದ್ದೆ, ಕೇಳಿದವರಿಗೂ ತೃಪ್ತಿಯಾಗುತ್ತಿತ್ತು. ಆದರೆ ನೋಡಿ, ನಾವು ಪರೀಕ್ಷೆ ಮಾಡಿದ್ದು ಕೆಳಗಿನಿಂದ. ಬೆಂಕಿ ಬಂದದ್ದು ಮೇಲಿನಿಂದ. ನಾವು ಕೇಳಿದ ಪ್ರಶ್ನೆಗೆ ಆ ಬೆಂಕಿ ಉತ್ತರ ಕೊಡಲಿಲ್ಲ, ತನ್ನದೇ ಬೇರೆ ಪ್ರಶ್ನೆ ಕೇಳಿ ತಾನೇ ಉತ್ತರ ಹೇಳಿಕೊಂಡು ಹೋಯಿತು. ಬೋರಯ್ಯನ ಮಣ್ಣು ಎರಡಕ್ಕೂ ಸಿದ್ಧವಿತ್ತೇ? ಇದ್ದಿರಬಹುದು.

ನನ್ನ ಸ್ನೇಹಿತನಿಗೆ ಇದನ್ನೆಲ್ಲ ಹೇಳಿದೆ. ಅವನು ತಾಳ್ಮೆಯಿಂದ ಕೇಳಿ, "ಹಾಗಾದರೆ ಈ ಹಲಗೆ ಕೊಳ್ಳಲೋ ಬೇಡವೋ?" ಎಂದ. ಕೊಳ್ಳು, ಆದರೆ ಆ ಒಂದು ಗಂಟೆಯನ್ನು ಯಾವ ಮಗ್ಗುಲಿನಿಂದ, ಎಂಥ ಬೆಂಕಿಯಲ್ಲಿ, ಏನನ್ನು ನೋಡುತ್ತ ಅಳೆದರು ಎಂದು ಕಂಪನಿಗೆ ಒಂದು ಕಾಗದ ಬರೆದು ಕೇಳು ಎಂದೆ. ಹಲಗೆಯೊಂದನ್ನೇ ಸುಟ್ಟು ನೋಡಿದರೋ, ಅದನ್ನು ಹಿಡಿದು ನಿಲ್ಲಿಸುವ ಚೌಕಟ್ಟು, ಮೊಳೆ, ಸಂದು ಎಲ್ಲವನ್ನೂ ಸೇರಿಸಿ ಸುಟ್ಟರೋ ಎಂಬುದನ್ನೂ ಕೇಳು. ಸಾಧ್ಯವಾದರೆ, ಅದನ್ನು ಮಾಡಿದವನು ಆಚೆ ಮಗ್ಗುಲಲ್ಲಿ ಕೂತಿದ್ದನೇ ಎಂದು ಕೇಳು. ಅವನು ಪುಸ್ತಿಕೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಕಾಗದ ಬರೆಯುತ್ತಾನೆಂದು ನನಗೆ ಅನಿಸುವುದಿಲ್ಲ.

ಸಣ್ಣಮ್ಮನ ಭಟ್ಟಿ ಈಗಲೂ ನಡೆಯುತ್ತಿದೆಯಂತೆ, ಹೊಸ ಹುಲ್ಲು ಹೊದೆಸಿದ್ದಾಳಂತೆ. ಅಟ್ಟ ಅದೇ ಹಳೆಯದು. ಬೋರಯ್ಯ ತೀರಿಕೊಂಡ. ಹೋದ ಸಲ ಪಿರಿಯಾಪಟ್ಟಣದಲ್ಲಿ ಬಸ್ಸು ನಿಂತಾಗ ಇಳಿದು, ಅವಳ ಅಂಗಡಿಯ ತನಕ ನಡೆದುಹೋಗಿ, ಆ ದಿನ ಅಟ್ಟದ ಮೇಲೆ ನಾನು ನಿಜವಾಗಿ ಏನು ನೋಡಿದೆನೆಂದು ಹೇಳಿಬಿಡೋಣವೆಂದುಕೊಂಡೆ. ಅರ್ಧ ದಾರಿ ಹೋದ ಮೇಲೆ, ಹೇಳಲು ನನ್ನ ಬಳಿ ಏನಿದೆ ಎಂದು ಯೋಚಿಸಿ ಬಸ್ಸಿಗೆ ಹಿಂತಿರುಗಿದೆ. ಬೆಣ್ಣೆಯ ಒಂದು ಮಗ್ಗುಲು ಮೆತ್ತಗಾಗಿತ್ತು. ಅದು ಅವಳ ಬೆಂಕಿಯಿಂದಲೋ ನನ್ನ ಕೈಯಿಂದಲೋ, ನನಗೆ ಗೊತ್ತಿಲ್ಲ.